ಮೆಟ್ಟಿಲ ತಿರುವಿನ ಬೆಂಚು

ಮೂವತ್ತೆರಡು ಚಿತ್ರಗಳಲ್ಲಿ ಮೂವತ್ತನ್ನು ಅವಳು ಹಲ್ಲು ಕಚ್ಚಿಕೊಂಡು ನೋಡಿದಳು. ಮೂವತ್ತೊಂದನೆಯದರ ಮುಂದೆ ನಿಂತಾಗ ಸಹನೆ ಮುಗಿಯಿತು.

ಪ್ರದರ್ಶನದ ಮೊದಲ ಸಂಜೆ. ಗ್ಯಾಲರಿಯ ಗೋಡೆಗಳ ಮೇಲೆಲ್ಲ ಅವಳದೇ ಕಟ್ಟಡಗಳು. ಅವಳ ಆಫೀಸಿನಿಂದಲೇ ಹೋದ ನಕ್ಷೆಗಳ ಪ್ರತಿಗಳು, ಒಂದೊಂದರ ಮೂಲೆಯಲ್ಲೂ ಅವಳದೇ ಸಹಿ. ಆ ನಕ್ಷೆಗಳ ಮೇಲೆ ಒಬ್ಬ ಚಿತ್ರಕಾರ ಮಸಿಯಲ್ಲಿ, ಜಲವರ್ಣದಲ್ಲಿ ತನಗೆ ತೋಚಿದ ಹಾಗೆ ಮನುಷ್ಯರನ್ನು ತುಂಬಿಬಿಟ್ಟಿದ್ದ.

ಲೈಬ್ರರಿಯನ್ನೇ ನೋಡಿ. ಅವಳು ಎರಡು ವರ್ಷ ನಿದ್ದೆಗೆಟ್ಟು ಕಟ್ಟಿಸಿದ ಕಲ್ಲಿನ ಗೋಡೆಗೆ ಓದುಗರೆಲ್ಲ ಬೆನ್ನು ಹಾಕಿ, ಪಾರ್ಕಿಂಗ್ ಕಡೆಯ ಪುಟ್ಟ ಕಿಟಕಿಗೆ ಮುಖ ಮಾಡಿ ಕುಳಿತಿದ್ದರು. ಶಾಲೆಯ ದುಂಡು ಕಿಟಕಿಯಲ್ಲಿ ಒಂದು ಮಗು ಸಿಕ್ಕಿಹಾಕಿಕೊಂಡಿತ್ತು. ಟೀಚರ್ ಅದರ ಕಾಲು ಹಿಡಿದು ಎಳೆಯುತ್ತಿದ್ದರು. ಜನ ಆ ಚಿತ್ರಗಳ ಮುಂದೆ ನಿಂತು ನಗುತ್ತಿದ್ದರು. ಅವಳನ್ನು ಕಂಡ ಕೂಡಲೇ ಕೆಮ್ಮಿ ಪಕ್ಕಕ್ಕೆ ಸರಿಯುತ್ತಿದ್ದರು. ನಗುವಿಗಿಂತ ಆ ಕೆಮ್ಮೇ ಅವಳನ್ನು ಹೆಚ್ಚು ಉರಿಸಿತು.

ಮೂವತ್ತೊಂದನೆಯದು ಅವಳ ಮೊಟ್ಟಮೊದಲ ಕಟ್ಟಡ. ನಾಲ್ಕು ಮಹಡಿ, ಅರವತ್ತನಾಲ್ಕು ಮನೆ, ನಡುವೆ ಉದ್ದನೆಯ ಬಿಳಿ ಮೆಟ್ಟಿಲು. ಅವಳ ಇಪ್ಪತ್ತೆಂಟನೇ ವಯಸ್ಸಿಗೆ ಪ್ರಶಸ್ತಿ ತಂದುಕೊಟ್ಟ ಮೆಟ್ಟಿಲು. ಪತ್ರಿಕೆಯೊಂದರ ಮುಖಪುಟದಲ್ಲಿ ಅದು ಬಂದಾಗ ಅದರ ಮೇಲೆ ಒಂದು ನರಪಿಳ್ಳೆಯೂ ಇರಲಿಲ್ಲ. ಇಲ್ಲಿ, ಎರಡನೇ ತಿರುವಿನಲ್ಲಿ, ಒಂದು ಅಗಲ ಕಿಟಕಿ ಮೂಡಿತ್ತು. ಕಿಟಕಿಯ ಕೆಳಗೆ ಮರದ ಬೆಂಚು. ಬೆಂಚಿನ ಮೇಲೆ ಒಬ್ಬ ವಯಸ್ಸಾದ ಹೆಂಗಸು, ಪಕ್ಕದಲ್ಲಿ ಚೀಲ ಇಟ್ಟುಕೊಂಡು, ಕಾಲು ನೀಡಿ, ಹೊರಗೆ ನೋಡುತ್ತಿದ್ದಳು.

ಬೆಂಚಿಗೆ ಬಲಗಡೆ ಮಾತ್ರ ಕೈ ಇತ್ತು. ಎದ್ದೇಳುವಾಗ ಊರಿಕೊಳ್ಳಲು.

ಆ ಒಂಟಿಕೈ ಬೆಂಚನ್ನು ಇಡೀ ಜಗತ್ತಿನಲ್ಲಿ ಇಬ್ಬರೇ ನೋಡಿದ್ದರು. ಒಬ್ಬಳು ತಾನು. ಇನ್ನೊಬ್ಬರು ಆ ಮನೆಗಳ ಬಿಲ್ಡರ್.

"ಇದನ್ನ ಬರೆದವರು ಎಲ್ಲಿದಾರೆ?"

"ಹಿಂದೆ ಇದೀನಿ."

ತಿರುಗಿದಳು. ಬಿದಿರಿನ ಗಳದ ಹಾಗೆ ಉದ್ದಕ್ಕೆ ಬೆಳೆದ ನಲವತ್ತರ ಗಂಡಸು. ಅಂಗಿಯ ತೋಳಿನ ಅಂಚಿಗೆ ನೀಲಿ ಬಣ್ಣ ಮೆತ್ತಿತ್ತು. ಕೈಯಲ್ಲಿ ಬಿಸ್ಕತ್ತಿನ ತಟ್ಟೆ. ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವವನೆಂದು ಗ್ಯಾಲರಿಯ ಒಡತಿ ಹೇಳಿದ್ದಷ್ಟೇ ಅವಳಿಗೆ ಗೊತ್ತಿತ್ತು.

"ಈ ಬೆಂಚು ಎಲ್ಲಿಂದ ಕದ್ದಿರಿ?"

ಹೊಗಳಿಕೆಗೂ ಬೈಗುಳಕ್ಕೂ ಸಿದ್ಧನಾಗಿ ಬಂದವನು ಇದಕ್ಕೆ ಸಿದ್ಧನಿರಲಿಲ್ಲ. "ಕಾಗದದ ಬೆಂಚು ಮೇಡಂ. ಅದನ್ನ ಯಾರು ಹೊತ್ಕೊಂಡು ಹೋಗ್ತಾರೆ?"

"ತಮಾಷೆ ಬೇಡ. ನನ್ನ ಆಫೀಸಿಂದ ಹಳೇ ಹಾಳೆ ಯಾರು ತೋರಿಸಿದ್ರು?"

"ಯಾವ ಹಾಳೆ? ನಿಮ್ಮ ಆಫೀಸಿಂದ ಬಂದ ನಕ್ಷೆ ಎಲ್ಲಾ ಗೋಡೆ ಮೇಲಿದೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದೂ ನೀವೇ. ಓದಿ ಹಾಕಿದ್ರೋ, ಓದದೇ ಹಾಕಿದ್ರೋ, ನನಗೆ ಗೊತ್ತಿಲ್ಲ."

ಓದದೇ ಹಾಕಿದ್ದಳು. ಒಂದು ಮರ, ಎರಡು ಹಕ್ಕಿ ಸೇರಿಸಿ ಚೆಂದ ಮಾಡುತ್ತಾನೆ ಅಂದುಕೊಂಡಿದ್ದಳು.

"ನಾಳೆ ಹತ್ತು ಗಂಟೆಯೊಳಗೆ ಇದು ಗೋಡೆ ಮೇಲೆ ಇರಬಾರದು."

"ಇರತ್ತೆ."

"ವಕೀಲರು ಬಂದು ಮಾತಾಡ್ತಾರೆ."

"ಬರಲಿ. ಕುರ್ಚಿ ಹಾಕಿ ಕೂರಿಸ್ತೀನಿ. ನಿಮ್ಮ ಕಟ್ಟಡದಲ್ಲಂತೂ ಕೂರೋಕೆ ಜಾಗ ಸಿಗಲ್ಲ."

ಸಿಟ್ಟು ಬಂದರೆ ಅವನಿಗೆ ಮುಖ ಕೆಂಪಾಗುವುದಿಲ್ಲ, ಕಿವಿ ಕೆಂಪಾಗುತ್ತದೆ ಎಂಬುದನ್ನು ಅವಳು ಆ ಉರಿಯಲ್ಲೂ ಗಮನಿಸಿದಳು. ಅವನು ಅವಳ ಎಡ ಹುಬ್ಬನ್ನು ಅಳತೆ ತೆಗೆದುಕೊಳ್ಳುವವನ ಹಾಗೆ ದಿಟ್ಟಿಸುತ್ತಿದ್ದುದನ್ನೂ ಗಮನಿಸಿದಳು. ಅದಕ್ಕೆ ಇನ್ನಷ್ಟು ಸಿಟ್ಟು ಬಂದು, ಮೂವತ್ತೆರಡನೆಯ ಚಿತ್ರವನ್ನು ನೋಡದೆಯೇ ಹೊರಟುಹೋದಳು.

*

ಮರುದಿನ ಬೆಳಿಗ್ಗೆ ಸರಿಯಾಗಿ ಹತ್ತಕ್ಕೆ ಅವನೇ ಅವಳ ಆಫೀಸಿಗೆ ಬಂದ.

ಅಲ್ಲಿ ಹನ್ನೊಂದು ಜನ ಕೆಲಸ ಮಾಡುತ್ತಿದ್ದರು. ಹಿಂದಿನಿಂದ ಅವಳನ್ನು 'ಸ್ಕೇಲು' ಎಂದು ಕರೆಯುತ್ತಿದ್ದರು. ಸ್ಕೇಲಿನ ಮೇಜಿನ ಮೇಲೆ ಒಬ್ಬ ಅಪರಿಚಿತ ಒಂಬತ್ತು ಸ್ಕೆಚ್ ಪುಸ್ತಕಗಳನ್ನು ಧಡ್ ಎಂದು ಇಟ್ಟಾಗ ಹನ್ನೊಂದು ತಲೆಗಳೂ ಕಂಪ್ಯೂಟರಿನ ಹಿಂದೆ ತಗ್ಗಿದವು.

"ಕಳ್ಳ ಅಂದ್ರಲ್ಲ. ಪುರಾವೆ ತಂದಿದೀನಿ. ನೋಡಿ."

ನೋಡಬಾರದೆಂದುಕೊಂಡೇ ಮೊದಲ ಪುಸ್ತಕ ತೆರೆದಳು. ಪುಟಪುಟಕ್ಕೂ ತಾರೀಖು. ಎಲ್ಲದರಲ್ಲೂ ಅದೇ ಹೆಂಗಸು, ಅದೇ ತಿರುವು. ಒಂದರಲ್ಲಿ ಬಕೆಟ್ ಬೋರಲು ಹಾಕಿಕೊಂಡು ಕುಳಿತಿದ್ದಳು. ಒಂದರಲ್ಲಿ ಮೆಟ್ಟಿಲ ಮೇಲೆ ಪೇಪರ್ ಹಾಸಿಕೊಂಡು. ನಾಲ್ಕನೇ ಪುಸ್ತಕದಲ್ಲಿ ಒಂದು ಪ್ಲಾಸ್ಟಿಕ್ ಸ್ಟೂಲ್ ಬಂತು. ಐದನೆಯದರಲ್ಲಿ ಸ್ಟೂಲ್ ಇರಲಿಲ್ಲ. ಅದು ಇದ್ದ ಕಡೆ ಧೂಳಿನಲ್ಲಿ ನಾಲ್ಕು ಗುರುತುಗಳನ್ನು ಮಾತ್ರ ಬರೆದಿದ್ದ.

"ಸ್ಟೂಲ್ ಏನಾಯ್ತು?"

"ಅಸೋಸಿಯೇಷನ್‌ನವರು ತೆಗೆಸಿದ್ರು. ಮೆಟ್ಟಿಲಿನ ಅಂದ ಕೆಡತ್ತಂತೆ. ನಿಮ್ಮ ಪ್ರಶಸ್ತಿಯ ಫೋಟೋ ಕೆಳಗಡೆ ಗೋಡೆಗೆ ಹಾಕಿದಾರೆ, ಅದನ್ನ ತೋರಿಸಿ ಹೇಳಿದ್ರು. ನೋಡಿ, ಇದರಲ್ಲಿ ಸ್ಟೂಲ್ ಇದೆಯಾ ಅಂತ."

"ಇವರು ಯಾರು?"

"ನನ್ನಮ್ಮ. ನಿಮ್ಮ ಕಟ್ಟಡದ ಮೂರನೇ ಮಹಡೀಲಿ ಆರು ವರ್ಷದಿಂದ ಇದೀವಿ. ಮಂಡಿ ನೋವು. ತರಕಾರಿಗೆ ಮಾತ್ರ ಅವಳೇ ಹೋಗಬೇಕು, ನಾನು ತಂದಿದ್ದು ಯಾವಾಗ್ಲೂ ಬಾಡಿರತ್ತಂತೆ."

"ಬೆಂಚಿಗೆ ಒಂದೇ ಕೈ ಯಾಕೆ ಇಟ್ರಿ?"

"ಎಡ ಮಂಡಿ ಹೆಚ್ಚು ನೋವು. ಬಲಗೈ ಊರಿ ಏಳ್ತಾಳೆ. ಆರು ವರ್ಷ ದಿನಾ ನೋಡಿದ್ರೆ ಯಾರಿಗಾದ್ರೂ ತಿಳಿಯತ್ತೆ. ಕದಿಯೋದು ಬೇಕಿಲ್ಲ."

ಅವಳು ಎದ್ದು ಬೀರುವಿನ ಕೆಳಗಿನ ಖಾನೆಯಿಂದ ಒಂದು ಸುರುಳಿ ತೆಗೆದಳು. ಹಳೆಯ ಟ್ರೇಸಿಂಗ್ ಹಾಳೆ, ಅಂಚು ಹಳದಿಯಾಗಿತ್ತು. ಮೇಜಿನ ಮೇಲೆ ಬಿಡಿಸಿ, ಸುತ್ತಿಕೊಳ್ಳದಂತೆ ಎರಡೂ ಅಂಗೈಗಳಿಂದ ಒತ್ತಿ ಹಿಡಿದಳು.

ಅದೇ ತಿರುವು. ಅದೇ ಅಗಲ ಕಿಟಕಿ. ಬಲಗಡೆ ಮಾತ್ರ ಕೈ ಇರುವ ಬೆಂಚು. ಪಕ್ಕದಲ್ಲಿ ಲಿಫ್ಟ್.

"ನನ್ನಜ್ಜಿನೂ ಹಾಗೇ ಏಳ್ತಿದ್ರು," ಎಂದಳು. "ನನ್ನನ್ನ ಸಾಕಿದ್ದು ಅವರೇ. ಅವರಿಗೋಸ್ಕರ ಬರೆದಿದ್ದೆ."

ಅವನ ಬೆರಳು ಬೆಂಚಿನ ಗೆರೆಯ ಮೇಲೆ ತಾಗದ ಹಾಗೆ ತೇಲಿತು. ಒಂದು ಗಳಿಗೆ ಅವನ ಮುಖದ ಬಿಗಿಯೆಲ್ಲ ಸಡಿಲವಾಯಿತು. ಅವಳ ಕಡೆ ನೋಡಿದ. ಅಷ್ಟು ಹತ್ತಿರದಿಂದ, ಅಷ್ಟು ಮೆತ್ತಗೆ ಯಾರೂ ತನ್ನನ್ನು ನೋಡಿ ಎಷ್ಟು ದಿನವಾಯಿತೆಂದು ಅವಳು ಯೋಚಿಸುವಷ್ಟರಲ್ಲಿ ಬೆರಳು ಹಿಂದೆ ಹೋಯಿತು.

"ಅಂದ್ರೆ ನಿಮಗೆ ಗೊತ್ತಿತ್ತು."

ಅವಳು ಹಾಳೆ ಬಿಟ್ಟು ಮೇಜಿನ ಮೇಲಿದ್ದ ಪೆನ್ಸಿಲ್ ಎತ್ತಿಕೊಂಡಳು.

"ಪಾಪ, ಗೊತ್ತಿಲ್ಲದೆ ಕಟ್ಟಿದಾರೆ ಅಂತ ಆರು ವರ್ಷ ನನಗೆ ನಾನೇ ಸಮಾಧಾನ ಹೇಳ್ಕೊಂಡು ಬಂದೆ. ಗೊತ್ತಿದ್ದೂ ತೆಗೆದ್ರಿ."

"ಬಿಲ್ಡರ್ ತೆಗೆಸಿದ್ರು. ತಿರುವಿಗೊಂದು ಸ್ಟೋರ್ ರೂಮ್ ಬೇಕು, ನಾಲ್ಕೇ ಮಹಡಿಗೆ ಲಿಫ್ಟ್ ಯಾಕೆ ಅಂದ್ರು. ನನಗಾಗ ಇಪ್ಪತ್ತೇಳು. ಮೊದಲನೇ ಕೆಲಸ. ಆಗಲ್ಲ ಅಂದಿದ್ರೆ ಬೇರೆಯವರಿಗೆ ಕೊಡ್ತಿದ್ರು."

"ಪ್ರಶಸ್ತಿ ತಗೊಳ್ಳೋಕೂ ಬಿಲ್ಡರೇ ಕೈ ಹಿಡಿದು ಎಳ್ಕೊಂಡು ಹೋದ್ರಾ?"

ಅವಳ ಕೈಯಲ್ಲಿದ್ದ ಪೆನ್ಸಿಲ್ ಅವನ ಪಕ್ಕದಿಂದ ಹಾರಿ ಗೋಡೆಗೆ ಬಡಿಯಿತು. "ಹೊರಗೆ ನಡೀರಿ."

ಅವನು ಪುಸ್ತಕಗಳನ್ನು ಚೀಲಕ್ಕೆ ತುಂಬಿಕೊಂಡು ನಡೆದ. ಲಿಫ್ಟಿನ ಬಾಗಿಲು ತೆರೆದೇ ಇತ್ತು. ಅದರತ್ತ ತಿರುಗಿಯೂ ನೋಡದೆ ಐದು ಮಹಡಿ ಮೆಟ್ಟಿಲು ಇಳಿದುಹೋದ.

*

ಆಮೇಲಿನ ಮೂರು ದಿನ ಅವಳಿಗೆ ಕೆಲಸ ಕೈಗೆ ಹತ್ತಲಿಲ್ಲ. ಮನಸ್ಸಿನಲ್ಲೇ ಅವನಿಗೆ ಉತ್ತರ ಕೊಡುತ್ತಿದ್ದಳು. ಹಲ್ಲುಜ್ಜುವಾಗ ಒಂದು ಒಳ್ಳೆಯ ಉತ್ತರ ಹೊಳೆಯಿತು, ಕಾರು ನಿಲ್ಲಿಸುವಾಗ ಅದಕ್ಕಿಂತ ಒಳ್ಳೆಯದು. ಪ್ರತಿ ಸಲವೂ ಅವನ ಕೆಂಪು ಕಿವಿ ನೆನಪಾಗಿ ಉತ್ತರ ಅರ್ಧಕ್ಕೇ ನಿಲ್ಲುತ್ತಿತ್ತು.

ಶನಿವಾರ ಬಿಲ್ಡರ್ ಫೋನ್ ಮಾಡಿದರು. ಅವರೇ, ಆ ಮೊದಲ ಕಟ್ಟಡದವರು. ಈಗ ಇನ್ನೂರನಲವತ್ತು ಮನೆಗಳ ದೊಡ್ಡ ಯೋಜನೆ ಕೊಟ್ಟಿದ್ದರು. ಅವಳ ಆಫೀಸಿಗೆ ಮುಂದಿನ ಮೂರು ವರ್ಷದ ಅನ್ನ ಅದೇ.

"ಮಕ್ಕಳು ಆಡೋಕೆ ಅಂತ ಪ್ರತಿ ಮಹಡೀಲೂ ಅಷ್ಟು ಜಾಗ ಬಿಟ್ಟಿದೀಯಲ್ಲಮ್ಮ. ಅದನ್ನ ಮುಚ್ಚಿದ್ರೆ ಮಹಡಿಗೊಂದು ಮನೆ ಬರತ್ತೆ. ನೋಡು."

"ನೋಡ್ತೀನಿ ಸರ್."

ಫೋನ್ ಇಟ್ಟ ಮೇಲೆ ತನ್ನ ಧ್ವನಿ ತನಗೇ ಕೇಳಿಸಿತು. ಇಪ್ಪತ್ತೇಳರ ಹುಡುಗಿಯ ಧ್ವನಿ, ಹತ್ತು ವರ್ಷವಾದರೂ ಒಂದಿಷ್ಟೂ ಬದಲಾಗಿರಲಿಲ್ಲ. ಅಷ್ಟು ದಿನ ಚಿತ್ರಕಾರನ ಮೇಲಿದ್ದ ಸಿಟ್ಟು ಇಡಿಯಾಗಿ ಹೊರಳಿ ಅವಳನ್ನೇ ನೋಡಿತು.

ಭಾನುವಾರ ಬೆಳಿಗ್ಗೆ ಆ ಬಿಳಿ ಮೆಟ್ಟಿಲು ಹತ್ತಲು ಹೋದಳು. ಪ್ರಶಸ್ತಿ ಬಂದ ಮೇಲೆ ಅಲ್ಲಿಗೆ ಕಾಲಿಟ್ಟಿರಲಿಲ್ಲ.

ಎರಡನೇ ತಿರುವಿನ ಹತ್ತಿರ ಮೆಟ್ಟಿಲ ಮೇಲೇ ಒಬ್ಬ ವಯಸ್ಸಾದ ಹೆಂಗಸು ಕುಳಿತಿದ್ದಳು. ಮಗ್ಗುಲಲ್ಲಿ ತರಕಾರಿ ಚೀಲ. ಒಂಬತ್ತು ಪುಸ್ತಕಗಳಲ್ಲಿ ಕಂಡ ಮುಖವನ್ನು ಗುರುತಿಸಲು ಅವಳಿಗೆ ಹೊತ್ತು ಹಿಡಿಯಲಿಲ್ಲ.

"ಯಾರ ಮನೆಗೆ?" ಎಂದಳು ಆಕೆ, ದಾರಿ ಬಿಡಲು ಮೊಣಕಾಲು ಸರಿಸುತ್ತ.

"ಯಾರ ಮನೆಗೂ ಅಲ್ಲಮ್ಮ. ಈ ಕಟ್ಟಡದ ನಕ್ಷೆ ಮಾಡಿದ್ದು ನಾನು."

ಆಕೆ ಅಡಿಯಿಂದ ಮುಡಿಯವರೆಗೆ ನೋಡಿದಳು. "ನೀನೇನಾ. ಬಾ, ಕೂತ್ಕೋ. ಆರು ವರ್ಷದಿಂದ ದಿನಾ ಎರಡು ಹೊತ್ತು ಬೈತಿದೀನಿ ನಿನಗೆ. ಮೊನ್ನೆವರೆಗೂ ಗಂಡಸು ಅಂದ್ಕೊಂಡಿದ್ದೆ."

"ಎರಡು ಹೊತ್ತಾ?"

"ಇಳೀತಾ ಒಂದ್ಸಲ, ಹತ್ತುತ್ತಾ ಒಂದ್ಸಲ. ಹತ್ತುವಾಗ ಸ್ವಲ್ಪ ಜೋರು. ಕೈಯಲ್ಲಿ ಚೀಲ ಇರತ್ತಲ್ಲ."

ಅವಳಿಗೆ ನಗು ಬಂತು. ಕುಳಿತಳು. ಕಲ್ಲು ತಣ್ಣಗೆ ಕೊರೆಯಿತು. ಎದುರಿಗೆ ಸ್ಟೋರ್ ರೂಮಿನ ಬೀಗ ಹಾಕಿದ ಬಾಗಿಲು ಬಿಟ್ಟರೆ ನೋಡಲು ಏನೂ ಇರಲಿಲ್ಲ.

"ತಪ್ಪು ಮಾಡಿದೆ ಅಮ್ಮ."

"ಗೊತ್ತು. ಗುಂಡ ಹೇಳಿದ."

"ಯಾರು?"

"ನನ್ನ ಮಗ ಕಣೆ. ಹುಟ್ಟಿದಾಗ ಗುಂಡಗಿದ್ದ, ಆಮೇಲೆ ಹೇಳದೆ ಕೇಳದೆ ಹಾಗೆ ಉದ್ದ ಆದ. ಅವನಿಗೆ ಸಿಟ್ಟು ಬಂದ್ರೆ ಒಂದು ಮಾತು ಹೇಳಿ ಬಾಯಿ ಮುಚ್ತಾನೆ, ಕೂತು ಚಿತ್ರ ಬರೀತಾನೆ. ಬುಧವಾರದಿಂದ ನಿನ್ನದೇ ಹನ್ನೊಂದು ಆಯ್ತು. ಆ ಚೀಲ ಎತ್ಕೋ, ತೋರಿಸ್ತೀನಿ."

ಹನ್ನೊಂದೂ ಊಟದ ಮೇಜಿನ ಮೇಲೆ ಹರಡಿದ್ದವು. ಪೆನ್ಸಿಲ್ ಎಸೆಯುತ್ತಿರುವ ಅವಳು. ಮೂಗಿನ ಹೊಳ್ಳೆ ಅರಳಿಸಿದ ಅವಳು. ಎಡ ಹುಬ್ಬನ್ನು ಹಣೆಯ ಅರ್ಧಕ್ಕೆ ಏರಿಸಿದ ಅವಳು. ಒಂದಕ್ಕಿಂತ ಒಂದರಲ್ಲಿ ಹೆಚ್ಚು ಸಿಟ್ಟು. ಕೊನೆಯದೊಂದರಲ್ಲಿ ಮಾತ್ರ ಅವಳು ಎರಡು ಅಂಗೈಗಳಿಂದ ಒಂದು ಹಾಳೆಯನ್ನು ಒತ್ತಿ ಹಿಡಿದಿದ್ದಳು. ಕಣ್ಣಲ್ಲಿ, ಇದನ್ನು ಯಾರಾದರೂ ನೋಡಲಿ ಎಂಬ ಆಸೆ. ಆ ಮುಖ ತನಗಿದೆಯೆಂದು ಅವಳಿಗೆ ಗೊತ್ತಿರಲಿಲ್ಲ.

ಬಾಗಿಲಲ್ಲಿ ಹಾಲಿನ ಪ್ಯಾಕೆಟ್ ಹಿಡಿದು ಅವನು ನಿಂತಿದ್ದ.

"ಅಮ್ಮ, ಯಾಕೆ ತೋರಿಸಿದೆ?"

"ಮೇಜಿನ ಮೇಲೇ ಇಟ್ಟಿದೀಯ. ಬಂದೋರಿಗೆ ಕಣ್ಣು ಕಟ್ಟಿ ಕರ್ಕೊಂಡು ಬರಲಾ?" ಎಂದು ಆಕೆ ಹಾಲು ಇಸಿದುಕೊಂಡು ಅಡುಗೆಮನೆಗೆ ಹೋದಳು. ಬಾಗಿಲನ್ನು ಬೇಕೆಂದೇ ಎಳೆದುಕೊಂಡಳು.

"ನನ್ನ ಮೂಗು ಇಷ್ಟು ದೊಡ್ಡದಿಲ್ಲ," ಎಂದಳು ಅವಳು.

"ಸಿಟ್ಟಲ್ಲಿ ಇರತ್ತೆ."

"ಕೇಳದೇ ಬರೆದಿದೀರಿ."

"ವಕೀಲರನ್ನ ಕಳಿಸಿ."

ಅವಳು ಹನ್ನೊಂದನೆಯದನ್ನು ಎತ್ತಿಕೊಂಡಳು. ಅವನು ಅದನ್ನು ಕಿತ್ತುಕೊಳ್ಳಲು ಕೈ ಚಾಚಿ, ಅರ್ಧ ದಾರಿಯಲ್ಲಿ ನಿಲ್ಲಿಸಿದ. ಇಬ್ಬರ ನಡುವೆ ಒಂದು ಹಾಳೆಯಷ್ಟೇ ಜಾಗವಿತ್ತು. ಯಾರು ಮೊದಲು ಕಣ್ಣು ಬೇರೆಡೆ ತಿರುಗಿಸಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ.

"ನೀವು ಬಂದ ತಕ್ಷಣ ನನ್ನ ಸಿಟ್ಟು ಇಳೀತು ಅಂದ್ಕೋಬೇಡಿ," ಎಂದ ಅವನು ಕೊನೆಗೆ.

"ಇಳಿಸೋಕೆ ಬಂದಿಲ್ಲ. ನನ್ನದೂ ಇಳಿದಿಲ್ಲ."

*

ಮುಂದಿನ ಶನಿವಾರ ಮಧ್ಯಾಹ್ನ ಗ್ಯಾಲರಿಯಲ್ಲಿ ಮಾತುಕತೆ ಇತ್ತು. ವೇದಿಕೆಯ ಮೇಲೆ ಮೂರು ಕುರ್ಚಿ. ಒಂದರಲ್ಲಿ ಅವನು, ಒಂದರಲ್ಲಿ ಅವಳು, ನಡುವೆ ಗ್ಯಾಲರಿಯ ಒಡತಿ. ಮುಂದಿನ ಸಾಲಿನಲ್ಲಿ ಬಿಲ್ಡರ್, ಮಡಿಲಲ್ಲಿ ಹೂಗುಚ್ಛ. ಹಿಂದಿನ ಸಾಲಿನಲ್ಲಿ ಅವನ ಅಮ್ಮ, ಪಕ್ಕದಲ್ಲಿ ಅವರ ಕಟ್ಟಡದ ಅಸೋಸಿಯೇಷನ್ ಕಾರ್ಯದರ್ಶಿ.

"ನಿಮ್ಮ ಹೆಸರಾಂತ ಮೆಟ್ಟಿಲಿಗೆ ಇವರು ಒಂದು ಬೆಂಚು ಸೇರಿಸಿದಾರೆ. ಹೇಗನ್ನಿಸ್ತು?" ಎಂದು ಒಡತಿ ನಗುತ್ತ ಕೇಳಿದಳು.

"ಅವರು ಸೇರಿಸಿಲ್ಲ," ಎಂದಳು ಅವಳು. "ನಾನು ತೆಗೆದುಹಾಕಿದ್ದೆ."

ತಂದಿದ್ದ ಹಳೆಯ ಸುರುಳಿ ಬಿಡಿಸಿದಳು. ಬೆಂಚು, ಕಿಟಕಿ, ಲಿಫ್ಟು, ಎಲ್ಲವನ್ನೂ ಹೇಳಿದಳು. ಯಾವ ದಿನ ಅಳಿಸಿದಳು, ಅಳಿಸಿದ ಮೇಲೆ ಬಂದ ಪ್ರಶಸ್ತಿಯನ್ನು ಯಾವ ಮುಖದಲ್ಲಿ ತೆಗೆದುಕೊಂಡಳು, ಅದನ್ನೂ ಹೇಳಿದಳು.

"ತೆಗೀರಿ ಅಂದವರ ಹೆಸರು ಹೇಳಲ್ಲ. ನಕ್ಷೆ ಮೇಲಿರೋ ಸಹಿ ಅವರದಲ್ಲ, ನನ್ನದು. ಈಗ ಮಾಡ್ತಿರೋ ಮನೆಗಳಲ್ಲಿ ಮಕ್ಕಳ ಜಾಗ ಮುಚ್ಚೋಕೆ ಕೇಳಿದಾರೆ. ಅದಕ್ಕೆ ನನ್ನ ಸಹಿ ಬೀಳಲ್ಲ."

ಬಿಲ್ಡರ್ ಎದ್ದರು. "ಸೋಮವಾರ ನಿನ್ನ ಆಫೀಸಿಗೆ ಕಾಗದ ಬರತ್ತಮ್ಮ," ಎಂದು ಮೆಲ್ಲಗೆ, ಹೆಚ್ಚುಕಡಿಮೆ ಪ್ರೀತಿಯಿಂದಲೇ ಹೇಳಿ ನಡೆದರು. ಹೂಗುಚ್ಛ ಕುರ್ಚಿಯ ಮೇಲೇ ಉಳಿಯಿತು.

ಕಾರ್ಯದರ್ಶಿ ಗಂಟಲು ಸರಿಮಾಡಿಕೊಂಡು ಎದ್ದುನಿಂತರು. "ಆ ಸ್ಟೋರ್ ರೂಮ್‌ಗಳಲ್ಲಿ ಹಳೇ ಪೇಂಟ್ ಡಬ್ಬ ಬಿಟ್ರೆ ಏನೂ ಇಲ್ಲ. ಗೋಡೆ ಒಡೆದು ಬೆಂಚು ಹಾಕೋ ವಿಷಯ ಮುಂದಿನ ಮೀಟಿಂಗಲ್ಲಿ ಇಡ್ತೀನಿ."

"ಮೀಟಿಂಗ್ ಕೆಳಗಡೆ ಇಡಿ," ಎಂದಳು ಅವನ ಅಮ್ಮ. "ಟೆರೇಸ್ ಮೇಲೆ ಇಟ್ರೆ ನನ್ನನ್ನ ಹೊತ್ಕೊಂಡು ಹೋಗಬೇಕಾಗತ್ತೆ."

ಸಭೆ ನಕ್ಕಿತು. ವೇದಿಕೆಯ ಮೇಲೆ ಒಬ್ಬ ಮಾತ್ರ ನಗಲಿಲ್ಲ.

*

ಅವಳು ಹೊರಗೆ ಬಂದು ಬೇಗಬೇಗ ಹೆಜ್ಜೆ ಹಾಕಿದಳು. ಹಿಂದೆ ಓಡಿ ಬಂದ ಸದ್ದು ಕೇಳಿತು.

"ನಿಲ್ಲಿ. ಯಾರು ಹೇಳಿದ್ರು ನಿಮಗೆ ಇಷ್ಟೆಲ್ಲ ಮಾಡೋಕೆ?"

"ಯಾರೂ ಹೇಳಲಿಲ್ಲ."

"ನಿಮ್ಮನ್ನ ನಂಬಿಕೊಂಡು ಹನ್ನೊಂದು ಜನ ಇದಾರೆ."

"ನಿನ್ನೆಯೇ ಕೂರಿಸಿ ಹೇಳಿದೀನಿ. ಒಂಬತ್ತು ಜನ ಇರ್ತೀವಿ ಅಂದ್ರು. ಇಬ್ಬರು ಹೋಗ್ತಾರೆ."

"ನನಗೆ ಯಾಕೆ ಹೇಳಲಿಲ್ಲ?"

"ನೀವು ನನಗೇನಾಗಬೇಕು?"

ಫುಟ್‌ಪಾತ್ ಮೇಲೆ ಜನ ಇಬ್ಬರನ್ನೂ ಸುತ್ತಿಬಳಸಿ ಹೋಗುತ್ತಿದ್ದರು.

"ಅದೇ ತಿಳೀತಿಲ್ಲ," ಎಂದ. "ಮೊದಲೆಲ್ಲ ನಿಮ್ಮ ಮೆಟ್ಟಿಲು ಹತ್ತುವಾಗ ಅಮ್ಮನ ಜೊತೆ ನಾನೂ ಬೈತಿದ್ದೆ. ಒಂದು ದಿನ ಬೆಳಿಗ್ಗೆ ಮೇಲಿನ ಸಂದಿನಿಂದ ಬಿಸಿಲು ಬಂದು ಒಂದೊಂದೇ ಮೆಟ್ಟಿಲು ಇಳಿಯೋದನ್ನ ನೋಡಿದೆ. ಬಿಸಿಲಿಗೆ ಇಷ್ಟು ಚೆನ್ನಾಗಿ ದಾರಿ ಮಾಡೋರು ಮನುಷ್ಯರಿಗೆ ಯಾಕೆ ಮಾಡಲಿಲ್ಲ ಅಂತ ತಲೆ ಕೆಟ್ಟುಹೋಯ್ತು. ಅದಕ್ಕೇ ನಿಮ್ಮ ಕಟ್ಟಡ ಒಂದೊಂದನ್ನೂ ಹುಡುಕ್ಕೊಂಡು ಹೋದೆ. ನಿಮ್ಮನ್ನ ಹುಡುಕ್ತಿದ್ದೆ ಅಂತ ಆಗ ಗೊತ್ತಿರಲಿಲ್ಲ."

ಅವಳು ಸುರುಳಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಳು. ಅಲ್ಲೇ ನಿಂತಳು.

"ನಿಮ್ಮನ್ನ ನೋಡಿದ್ರೆ ಸಿಟ್ಟು ಬರತ್ತೆ. ನೋಡದಿದ್ರೆ ಇನ್ನೂ ಜಾಸ್ತಿ ಬರತ್ತೆ. ಈ ವಾರ ಒಂದು ಪುಸ್ತಕಕ್ಕೆ ಕರಡಿ ಬರೀಬೇಕಿತ್ತು. ಕರಡಿಗೆ ನಿಮ್ಮ ಹುಬ್ಬು ಬಂದ್ಬಿಡ್ತು. ಪಬ್ಲಿಷರ್ ಫೋನ್ ಮಾಡಿ, ಪುಟ್ಟ ಮಕ್ಕಳ ಪುಸ್ತಕ ಇದು, ಕರಡಿ ಯಾಕೆ ಇಷ್ಟು ಉರೀತಿದೆ ಅಂತ ಕೇಳಿದ್ರು."

"ಕರಡಿನಾ?" ಅವಳ ಧ್ವನಿ ಏರಿತು. "ಹೋಗಿ ಹೋಗಿ ಕರಡಿಗಾ? ನಿನಗೇನು ಬುದ್ಧಿಗಿದ್ಧಿ ಇದೆಯಾ ಇಲ್ವಾ?"

ಅವನು ಕಣ್ಣರಳಿಸಿದ.

"ಏನಂದ್ರಿ?"

"ಏನಿಲ್ಲ."

"'ನಿನಗೆ' ಅಂದ್ರಿ."

"ಸಿಟ್ಟಲ್ಲಿ ಬಾಯಿತಪ್ಪಿ ಬಂತು."

ಅವನು ಒಂದು ಹೆಜ್ಜೆ ಹತ್ತಿರ ಬಂದ. ಇಷ್ಟು ದಿನ ಅವಳು ನೋಡಿರದ ನಗು ಅವನ ತುಟಿಯ ಒಂದು ಮೂಲೆಯಲ್ಲಿ ಹುಟ್ಟಿ, ಇನ್ನೊಂದು ಮೂಲೆಗೆ ಹೋಗಲು ಹೆದರುತ್ತಿತ್ತು.

"ಹಾಗಾದ್ರೆ ಇನ್ನೂ ಸ್ವಲ್ಪ ಸಿಟ್ಟು ಮಾಡ್ಕೋ," ಎಂದ, ಮೆಲ್ಲಗೆ.

"ಮಾಡ್ಕೊಳ್ಳದೆ ಬಿಡ್ತೀನಾ? ನಡಿ, ಇನ್ನೂ ಬಾಕಿ ಇದೆ."

ಅವಳ ಮಾತಿನಲ್ಲಿ ಬಿಸಿ ಹಾಗೆಯೇ ಇತ್ತು. ಕೈ ಮಾತ್ರ ಅವಳನ್ನು ಕೇಳದೆಯೇ ಅವನ ಕೈಯೊಳಗೆ ಹೋಗಿ ಕುಳಿತಿತ್ತು.